ಕಂಬದ ವಾಡೇದ ಒಂಬತ್ತು ಮಗ್ಗ

ಇಳಕಲ್ಲ
೬ ಜೂನ್ ೨೦೨೩

ಬಾದಾಮಿ ದೇವಪ್ಪಣ್ಣಾರಿಗೆ ಇಳಕಲ್ಲ ಚಂದ್ರವ್ವನ ಶರಣಾರ್ಥಿ.

ಇತ್ತ ಎಲ್ಲಾ ಕ್ಷೇಮ ಅಂತ ಬರದು ಆಮ್ಯಾಲ ಸಂಕಟ ಹೇಳೂದು ನನಗ ಬರೂದಿಲ್ರಿ. ಕ್ಷೇಮ ಇಲ್ಲ.

ನಾ ಯಾರಂತ ನೆನಪೈತೋ ಇಲ್ಲೋ. ನಾಕು ವರ್ಷದ ಹಿಂದ ನಿಮ್ಮ ಅಪ್ಪಾರು ಕೆತ್ತಿದ ಕಂಬ ನೋಡಾಕ ನಮ್ಮ ಕಂಬದ ವಾಡೇಕ ಬಂದಿದ್ರಿ. ಕೆಳಗಿನ ಪಡಸಾಲ್ಯಾಗ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತಿದ್ದಾಕಿ, ನಿಮಗ ಚಾ ಕೊಟ್ಟಾಕಿ ನಾನ. ಆವತ್ತ ಒಂದೊಂದು ಕಂಬಾನೂ ಅಂಗೈಲೆ ಸವರಿ, ಕೂಸಿನ ಮೈ ಮುಟ್ಟಿದಂಗ ಮುಟ್ಟಿದ್ರಿ. ಹೋಗುವಾಗ, "ಉಳಿ ಸಪ್ಪಳ ಕೇಳಿ ಕೇಳಿ ಕಿವಿ ಹೋಗ್ಯಾವವ್ವಾ. ಫೋನು ಮಾಡಿದ್ರ ನನಗ ಕೇಳ್ಸೂದಿಲ್ಲ. ಏನರ ಇದ್ರ ಕಾಗದ ಬರಿ" ಅಂತ ವಿಳಾಸ ಬರಕೊಟ್ಟಿದ್ರಿ. ಅದನ್ನ ನಾ ಇಟ್ಕೊಂಡಿದ್ದೆ.

ಈಗ ಸಂಗತಿ ಹೇಳ್ತೇನಿ. ನಿನ್ನೆ ಮುಂಜಾನಿ ವಾಡೇದ ಬಾಗಲಕ್ಕ ನೋಟೀಸ ಅಂಟಿಸ್ಯಾರ. ವಾಡೆ ಪಾರಂಪರಿಕ ಕಟ್ಟಡ ಆಗ್ತೈತಂತ, ಜೀರ್ಣೋದ್ಧಾರ ಮಾಡಿ ಮ್ಯೂಜಿಯಂ ಮಾಡ್ತಾರಂತ. ಅದಕ್ಕ ಒಂಬತ್ತೂ ಮಗ್ಗ ಕಿತ್ತು ಹದಿನೈದು ದಿನದಾಗ ಪಡಸಾಲಿ ಖಾಲಿ ಮಾಡಬೇಕಂತ. ಒಂಬತ್ತು ಮಗ್ಗ ಅಂದ್ರ ಒಂಬತ್ತು ಹೆಣಮಕ್ಕಳು, ಲಾಳಿಗೆ ನೂಲಿನ ಕಂಡಿಕಿ ಸುತ್ತಿ ಕೊಡಾಕಿ ಕಾಸಿಂಬಿ ಸೇರಿದ್ರ ಹತ್ತು. ನಮ್ಮ ಮನ್ಯಾಗ ಮಗ್ಗ ಹೂಡುವಷ್ಟು ಜಾಗ ಇದ್ದಿದ್ರ ನಾವ್ಯಾಕ ಇಲ್ಲಿ ಬರ್ತಿದ್ವಿ?

ವಾಡೆ ನೋಡ್ಕೊಳ್ಳೂ ಟ್ರಸ್ಟಿನ ಸೆಕ್ರೆಟರಿ ಪ್ರಭುನ ಕೇಳಿದ್ನಿ. ವಾಡೆ ಕಟ್ಟಿಸಿದ ಸಾಹುಕಾರನ ಮರಿಮಗ ಅಂವ. "ನಿಮ್ಮ ಕುಣಿ ತೇವ ಕಂಬದಾಗ ಏರಿ ಕಲ್ಲು ತಿನ್ನಾಕ ಹತ್ತೈತಿ. ನಾ ಹೇಳೂದಲ್ಲ, ದೊಡ್ಡ ತಜ್ಞರು ಬರದು ಕೊಟ್ಟಾರ" ಅಂದ. ಯಾವ ತಜ್ಞಪಾ, ಯಾವಾಗ ಬಂದಿದ್ದ, ಯಾವ ಕುಣಿ ಇಳಿದು ನೋಡಿದ ಅಂದ್ರ ಬಾಯಿ ಬಿಡವೊಲ್ಲ.

ಅಣ್ಣಾರ, ಆ ಕಂಬದ ಜಾತಕ ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಮಗ್ಗದಿಂದ ಕಂಬಕ್ಕ ಏನೂ ಆಗಿಲ್ಲ ಅಂತ ನಾಕು ಸಾಲು ಬರದು ಕಳಸ್ರಿ. ಅದನ್ನ ಹಿಡಕೊಂಡು ನಾ ಎಲ್ಲಿ ಬೇಕಾದ್ರೂ ನಿಂದರ್ತೇನಿ.

ಚಂದ್ರವ್ವ


ಬಾದಾಮಿ
೧೪ ಜೂನ್ ೨೦೨೩

ಶ್ರೀಮತಿ ಚಂದ್ರವ್ವ ಅವರಿಗೆ ದೇವಪ್ಪನ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ವಿಷಯ ತಿಳಿದು ಬೇಸರವಾಯಿತು.

ವಾಡೆಯ ಕಂಬಗಳ ಚರಿತ್ರೆ ತಮಗೂ ತಿಳಿದಿರಲಿ. ೧೯೩೪ರಲ್ಲಿ ತಮ್ಮೂರಿನ ಸೀರೆ ಸಾಹುಕಾರರು ಬಾದಾಮಿಗೆ ಬಂದು ಗುಹೆಗಳನ್ನು ನೋಡಿ, "ಇಂಥ ಕಂಬಗಳು ನನ್ನ ಮನೆಯಲ್ಲಿ ನಿಲ್ಲಬೇಕು" ಎಂದರಂತೆ. ನಮ್ಮ ತಂದೆಯವರಿಗೆ ಆಗ ಇಪ್ಪತ್ತು ವರ್ಷ. ಗುಹೆಯ ಕಂಬದ ಮುಂದೆ ಕುಳಿತು ಕಣ್ಣಳತೆಯಲ್ಲಿಯೇ ಅಳೆದು, ಇದ್ದಿಲಿನಲ್ಲಿ ಬರೆದುಕೊಂಡು, ಅದೇ ಕೆಂಪು ಕಲ್ಲಿನಲ್ಲಿ ಹದಿನಾರು ಕಂಬಗಳನ್ನು ಕೆತ್ತಿದರು. ಎತ್ತಿನ ಗಾಡಿಯಲ್ಲಿ ನಾಲ್ಕು ದಿನದ ದಾರಿ. ಸಾವಿರದ ನಾನೂರು ವರ್ಷದ ಹಿಂದಿನ ಕೈಗೆ ತಮ್ಮ ಕೈ ಸೇರಿತು ಎಂದು ಕೊನೆಯವರೆಗೆ ಹೇಳುತ್ತಿದ್ದರು.

ಹಳೆಯ ಕಲ್ಲಿಗೂ ವಿಶ್ರಾಂತಿ ಬೇಕಾಗುತ್ತದೆ. ತೇವ ಕೆಟ್ಟದ್ದು. ಮಗ್ಗಗಳನ್ನು ಬೇರೆ ಕಡೆ ಹೂಡಲು ಸಾಧ್ಯವೇ ಎಂದು ತಾವೂ ಯೋಚಿಸಬೇಕು. ನಾನು ಕಿವುಡ, ವಯಸ್ಸು ಎಪ್ಪತ್ತೊಂದು. ನನ್ನ ಮಾತಿಗೆ ಕಚೇರಿಯಲ್ಲಿ ಬೆಲೆ ಇರುವುದಿಲ್ಲ.

ದೇವಪ್ಪ


ಇಳಕಲ್ಲ
೨೨ ಜೂನ್ ೨೦೨೩

ದೇವಪ್ಪಣ್ಣಾರಿಗೆ,

ನಿಮ್ಮ ಕಾಗದ ಓದಿದ್ನಿ. ಅದರಾಗ ನಿಮ್ಮ ದನಿನ ಇರಲಿಲ್ರಿ. ಸಾಲಿ ಪುಸ್ತಕ ಓದಿದಂಗ ಆತು. ನನಗ "ತಾವು" ಅಂದವರು ಇಷ್ಟು ವರ್ಷದಾಗ ನೀವ ಮೊದಲನೇದವರು. ನೀವು ಅಂಜೀರಿ ಅಂತ ನನಗ ತಿಳೀತು. ಕಚೇರಿ, ಕಾಗದ, ಸಾಹೇಬರು ಅಂದ್ರ ನಮ್ಮಂಥವರಿಗೆ ಅಂಜಿಕಿ ಇರೂದ. ಅಂಜಬ್ಯಾಡ್ರಿ. ಬರೀರಿ ಸಾಕು, ನಿಂದ್ರಾಕಿ ನಾನಿದ್ದೇನಿ.

ಮಗ್ಗ ಬೇರೆ ಕಡೆ ಹೂಡ್ರಿ ಅಂತೀರಿ. ಈ ಪಡಸಾಲಿ ನಮಗ ಬಿಟ್ಟಿ ಬಂದದ್ದಲ್ಲ. ಆ ಸಾಹುಕಾರನ ಸೊಸಿ ಗಂಗವ್ವ ಚಿಕ್ಕ ವಯಸ್ಸಿನಾಗ ಗಂಡನ ಕಳಕೊಂಡಾಕಿ. ಗಂಡ ಸತ್ತ ಹೆಂಗಸು ತಲಬಾಗಲಕ್ಕ ಬರಬಾರದು ಅಂತ ಮೂರು ವರ್ಷ ಆಕಿನ ಅಟ್ಟದ ಮ್ಯಾಲ ಕುಂದರಿಸಿದ್ರಂತ. ಮಾವ ಸತ್ತ ಮ್ಯಾಲ ಆಕಿ ಕೆಳಗಿಳದು ಬಂದು ಮಾಡಿದ ಮೊದಲನೇ ಕೆಲಸ ಇದು: ಪಡಸಾಲಿ ನೆಲಾ ಒಡಿಸಿ ಒಂಬತ್ತು ಕುಣಿ ತೋಡಿಸಿದಳು. "ಕಂಬ ನೋಡಾಕ ದೊಡ್ಡವರು ಬರ್ತಾರ. ಬರ್ಲಿ. ಅವರ ಕಣ್ಣಿಗೆ ನೀವೂ ಬೀಳ್ರಿ" ಅಂತ ನಮ್ಮವ್ವಗ ಅಂದಿದ್ಲಂತ. ಅರವತ್ತೊಂದು ವರ್ಷ ಆತು ಇದಕ್ಕ.

ಈಗ ಇವರ ಕೆಲಸ ಕೇಳ್ರಿ. ಮೊನ್ನೆ ಒಬ್ಬಾಂವ ಬಂದು ಕಾಸಿಂಬಿ ಕೈ ಎರಡೂ ಬಿಳೇ ಹಿಟ್ಟಿನಂಥಾದ್ರಾಗ ಅದ್ದಿಸಿದ. ಆಕಿಗೆ ಅರವತ್ತೆಂಟು. ಕೈನೋವಿಗೆ ಏನೋ ಔಷಧಾ ಇರಬೇಕು ಅಂತ ಸುಮ್ಮನ ಕುಂತಿದ್ಲು ಪಾಪ. ಆಮ್ಯಾಲ ತಿಳೀತು. ನಮ್ಮನ್ನೆಲ್ಲಾ ಹೊರಗ ಹಾಕಿ ಅದ ಪಡಸಾಲ್ಯಾಗ ಪ್ಲಾಸ್ಟರಿನ ನೇಕಾರ ಗೊಂಬಿ ಕುಂದರಿಸ್ತಾರಂತ! ಗೊಂಬಿಗೆ ಅಸಲಿ ಕೈ ಬೇಕಂತ ಅಚ್ಚು ತಗೊಂಡಾರ. ನಾ ಪ್ರಭುನ ಎದುರಿಗೆ ನಿಂತು ಕೇಳಿದ್ನಿ.

"ಏನಪಾ, ನಾವು ಇನ್ನೂ ಸತ್ತಿಲ್ಲಲ್ಲ?"

"ಹಂಗಲ್ಲ ಚಂದ್ರಕ್ಕ. ನಿಮ್ಮ ಕಲಾ ಮುಂದಿನವರಿಗೆ ಉಳೀಬೇಕಲ್ಲ, ಅದಕ್ಕ."

"ಉಳಿಸೂದಾದ್ರ ನಮ್ಮನ್ನ ಉಳಸು."

"ಗೊಂಬಿಯಿಂದ ತೇವ ಆಗೂದಿಲ್ಲಕ್ಕ" ಅಂದು ನಕ್ಕ. ನಕ್ಕ ನೋಡ್ರಿ!

ಗಡುವು ಮುಗದು ಎರಡು ದಿನ ಆತು. ನಾವು ಯಾರೂ ಎದ್ದಿಲ್ಲ. ಆ ತಜ್ಞ ಒಬ್ಬ ನನ್ನ ಕೈಗೆ ಸಿಗಬೇಕು, ಅವನ್ನ ಕುಣ್ಯಾಗ ನಿಂದರಿಸಿ ಎಲ್ಲೈತಿ ತೇವ, ಮುಟ್ಟಿ ತೋರ್ಸು ಅಂತೇನಿ. ಜಲ್ದಿ ಬರೀರಿ ಅಣ್ಣಾರ.

ಚಂದ್ರವ್ವ


ಇಳಕಲ್ಲ
೨೫ ಜುಲೈ ೨೦೨೩

ದೇವಪ್ಪ,

ಒಂದು ತಿಂಗಳು ನಿಮ್ಮ ಕಾಗದದ ದಾರಿ ಕಾದ್ನಿ. ಮಳಿಯಾಗ ಟಪಾಲು ತಡಾ ಆಗಿರಬೇಕು, ಆರಾಮಿಲ್ಲ ಇರಬೇಕು ಅಂತ ನಿಮ್ಮ ಸಲುವಾಗಿ ನಾನ ಸಬೂಬು ಹುಡುಕಿದ್ನಿ.

ಹೋದ ಶನಿವಾರ ನಾವು ಊಟಕ್ಕ ಹೋದಾಗ ಪ್ರಭುನ ಮಂದಿ ಬಂದು ನಾಕು ಕುಣಿ ಮುಚ್ಚಿ ಕಾಂಕ್ರೀಟ ಸುರದಾರ. ಒಂದರಾಗ ಅರ್ಧಾ ನೇಯ್ದ ಸೀರಿ ಇತ್ತು. ಕತ್ತರಿಸಿ ಗೋಣಿಚೀಲದಾಗ ತುರುಕಿ ಬಾಗಲದಾಗ ಒಗದಿದ್ರು. ಉಳದ ಐದು ಕುಣ್ಯಾಗ ನಾವು ಪಾಳಿ ಹಚ್ಚಿ ಕುಂತೇವಿ, ಒಬ್ಬರು ಎದ್ರ ಇನ್ನೊಬ್ಬರು ಇಳೀತೇವಿ. ಮುಂದಿನ ಎಂಟು ಕಂಬಕ್ಕ ಎಣ್ಣಿ ಬಣ್ಣ ಹೊಡದಾರ, ಕೆಂಪು ಕಾಣ್ಲಿ ಅಂತ.

ನನ್ನ ಮಗಳು ಸುನಿತಾ ಹುನಗುಂದದಾಗ ಸಾಲಿ ಮಾಸ್ತರಿಕಿ ಮಾಡ್ತಾಳ. ಆಕಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆ ತಜ್ಞರ ವರದಿ ತಗಸಿದಳು. ಇಂಗ್ಲೀಷಿನಾಗ ಎರಡು ಪುಟ. ಓದಿ ಓದಿ ಅರ್ಥಾ ಹೇಳಿದಳು. ಮಗ್ಗದ ಕುಣಿಯಿಂದ ತೇವ ಏರಿ ಕಂಬ ಹಾಳಾಗ್ಯಾವ, ಒಂಬತ್ತೂ ಮುಚ್ಚಬೇಕು ಅಂತ. ಕೆಳಗ ಕನ್ನಡದಾಗ ಸಹಿ. ಆ ಅಕ್ಷರ ನನಗ ಗುರ್ತು ಇತ್ತು. ನಾಕು ವರ್ಷ ನಾ ಜೋಪಾನ ಮಾಡಿದ ವಿಳಾಸದ ಅಕ್ಷರ ಅದು.

ಜನೇವರಿ ಹನ್ನೆರಡಕ್ಕ ಸಹಿ ಮಾಡೀರಿ. ಜೂನಿನಾಗ ನಾ ಕಾಗದ ಬರದಾಗ ನಿಮಗ ಎಲ್ಲಾ ಗೊತ್ತಿತ್ತು. ನಿಮ್ಮ ಕೈಲೆ ನಮ್ಮ ಬಾಯಾಗ ಮಣ್ಣು ಹಾಕಿ, ನನಗ ನಿಮ್ಮ ಅಪ್ಪಾರ ಚರಿತ್ರೆ ಬರದು ಕಳಸಿದ್ರಿ. ನಿಮ್ಮನ್ನ ಅಣ್ಣಾ ಅಂದಿದ್ನಲ್ಲ, ನನ್ನ ನಾಲಿಗಿ ತೊಳಕೋಬೇಕು.

ಚಂದ್ರವ್ವ


ಬಾದಾಮಿ
೩೧ ಜುಲೈ ೨೦೨೩

ಚಂದ್ರವ್ವ,

ಬೈದದ್ದೆಲ್ಲಾ ಖರೆ. ಇನ್ನಷ್ಟು ಬೈ. ಆದ್ರ ಒಮ್ಮೆ ಓದು.

ನಾ ನಲವತ್ತು ವರ್ಷ ಹಳೇ ಗುಡಿ ರಿಪೇರಿ ಕೆಲಸ ಮಾಡೀನಿ. ಶಿವಯೋಗ ಮಂದಿರದ ಕಡೆ ಹೊಳಿ ದಂಡಿ ಗುಡಿಗಳಾಗ ನನ್ನ ಕೈ ಆಡದ ಕಲ್ಲು ಕಡಿಮಿ. ಒಬ್ಬ ಗುತ್ತಿಗೆದಾರ ಹೋಗಿ ಇನ್ನೊಬ್ಬ ಬಂದ, ನಾ ಹಾಜರಿ ಪುಸ್ತಕದಾಗಿನ ಒಂದು ಹೆಸರು. ಬಿದ್ದ ಕಂಬ ನಿಂದರಿಸಿದಾಂವ ನಾನು, ಫೋಟೋದಾಗ ನಿಂತಾವ್ರು ಬ್ಯಾರೆ. ಜನೇವರಿಯಾಗ ಪ್ರಭು ಕಾರು ತಗೊಂಡು ನನ್ನ ಮನಿ ಮುಂದ ಬಂದ. ಓಣಿ ಮಂದಿ ಎಲ್ಲಾ ನೋಡಿದ್ರು. ಶಾಲು ಹೊದಿಸಿ, ಒಂದು ಹಾಳಿ ಮ್ಯಾಲ ದೊಡ್ಡದಾಗಿ ಬರದು ತೋರಿಸಿದ: "ನೀವು ತಜ್ಞರು. ನಿಮ್ಮ ಅಭಿಪ್ರಾಯ ಬೇಕು." ಹೆಂಡ್ತಿ ಶಾರವ್ವ ಬಾಗಲದಾಗ ನಿಂತು ಅಳಾಕ ಹತ್ತಿದ್ಲು. ಚಂದ್ರವ್ವ, ನನ್ನ ಜನ್ಮದಾಗ ಆ ಶಬ್ದ ನನಗ ಯಾರೂ ಅಂದಿರಲಿಲ್ಲ.

ಕಂಬದ ಬುಡದಾಗ ಬಿಳೇ ಉಪ್ಪು ಉಕ್ಕಿದ ಫೋಟೋ ತೋರಿಸಿ ತೇವ ಎಲ್ಲಿಂದ ಅಂದ. ಕುಣಿ ಇರಬೇಕು ಅಂದ್ನಿ. ನೋಡಾಕ ಬರಲಿಲ್ಲ. ಕುಣಿ ನೋಡದ, ಅಂವ ಇಂಗ್ಲೀಷಿನಾಗ ಬರಸಿದ ವರದಿಗೆ ಸಹಿ ಮಾಡೀನಿ. ಕಲ್ಲು ಮುಟ್ಟದ ಮಾತಾಡಬ್ಯಾಡ ಅಂತ ನಮ್ಮಪ್ಪ ನನಗ ಹೊಡದು ಕಲಿಸಿದ್ದ.

ನಿನಗ ಯಾಕ ಹೇಳ್ಲಿಲ್ಲ ಅಂತೀ? ನಾಚಿಕಿ. ಅದಕ್ಕ ಆ ಪುಸ್ತಕದ ಭಾಷಾ. ಆದ್ರ ಇದನ್ನೂ ಹೇಳ್ತೇನಿ, ಸಿಟ್ಟಾಗು: ತೇವ ಕಲ್ಲು ತಿನ್ನೂದು ಸುಳ್ಳಲ್ಲ. ನಮ್ಮಪ್ಪನ ಕಂಬ ಉಳೀಬೇಕು ಅನ್ನೂದೂ ಸುಳ್ಳಲ್ಲ.

ಮತ್ತ ಎಣ್ಣಿ ಬಣ್ಣ ಅಂದೆಲ್ಲ, ಅದನ್ನ ಓದಿದಾಗಿಂದ ನನಗ ಅನ್ನ ಇಳಿದಿಲ್ಲ. ಆ ಕಲ್ಲು ಉಸಿರಾಡ್ತೈತಿ. ಬಣ್ಣ ಹೊಡದ್ರ ಒಳಗಿನ ನೀರು ಒಳಗ ಕೊಳತು ಮುಖಾನ ಕಿತ್ತು ಬರ್ತೈತಿ. ಯಾವ ಮೂರ್ಖರು ಇವರು? ನಾ ಬರ್ತೇನಿ.

ದೇವಪ್ಪ


ಇಳಕಲ್ಲ
೫ ಆಗಸ್ಟ್ ೨೦೨೩

ಬರಬ್ಯಾಡ್ರಿ. ನಿಮ್ಮ ತಜ್ಞತನ ಸಾಕಾಗೇತಿ ನಮಗ.

ಚಂದ್ರವ್ವ


ಬಾದಾಮಿ
೧೮ ಆಗಸ್ಟ್ ೨೦೨೩

ಚಂದ್ರವ್ವ,

ನೀ ಬ್ಯಾಡ ಅಂದ್ರೂ ಬಂದಿದ್ನಿ. ಮೊನ್ನೆ ಬುಧವಾರ. ನೀ ಅರ್ಜಿ ಕೊಡಾಕ ಬಾಗಲಕೋಟಿಗೆ ಹೋಗಿದ್ದೆಂತ. ಕಾಸಿಂಬಿ ನನಗ ಬೈಲಿಲ್ಲ, ಚಾ ಕೊಟ್ಟಳು. ಆಕಿ ಬೈದಿದ್ರ ಹಗೂರ ಆಗ್ತಿತ್ತು.

ಮೊದಲ ಕುಣಿ ಇಳಿದು ನೋಡಿದ್ನಿ. ನಾಕೂ ಗೋಡಿ ಕೈಲೆ ಒತ್ತಿ ನೋಡಿದ್ನಿ, ಮಣ್ಣು ಕೆದರಿ ಮೂಸಿ ನೋಡಿದ್ನಿ. ಒಣಾ ಮಣ್ಣು. ಶ್ರಾವಣದ ಮಳಿಯಾಗ ಒಣಾ! ತೇವ ಇದ್ದದ್ದು ಪಶ್ಚಿಮದ ಗೋಡಿ ಕಡೆ. ಹೊರಗ ಹೋಗಿ ನೋಡಿದ್ರ, ಎರಡು ವರ್ಷದ ಹಿಂದ ಕಾರು ನಿಂದ್ರಾಕ ಅಂತ ಪ್ರಭು ಗೋಡಿಗೆ ಹತ್ತಿ ಕಾಂಕ್ರೀಟ ಹಾಕಿಸ್ಯಾನ, ಮಾಳಗಿ ಮ್ಯಾಲಿನ ಮಳಿ ನೀರು ಹರದು ಹೋಗೂ ದೋಣಿ ಅದರ ಕೆಳಗ ಹೂತು ಹೋಗೇತಿ. ಮಾಳಗಿ ನೀರೆಲ್ಲಾ ಬುನಾದ್ಯಾಗ. ನನ್ನ ವರದಿ ಸುಳ್ಳು. ಮುಟ್ಟಿ ನೋಡಿ ಹೇಳ್ತೇನಿ, ಸುಳ್ಳು.

ಅಷ್ಟರಾಗ ಪ್ರಭು ಬಂದ. ಅಂವ ಏನೋ ಒದರಿದ, ನನಗ ಕೇಳ್ಸಲಿಲ್ಲ. ಬರದು ತೋರ್ಸು ಅಂದ್ನಿ. "ಯಾರ ಅಪ್ಪಣಿ ತಗೊಂಡು ಒಳಗ ಬಂದ್ರಿ?" ಅಂತ ಬರದ. "ನಮ್ಮಪ್ಪನ ಕಂಬಕ್ಕ ಬಣ್ಣ ಹೊಡಿಯಾಕ ನೀ ಯಾರ ಅಪ್ಪಣಿ ತಗೊಂಡಿ?" ಅಂದ್ನಿ. ಅಂವ ಪೆನ್ನು ಕಿಸೇದಾಗ ಇಟ್ಕೊಂಡ. ಅವನ ಜಗಳ ಅಲ್ಲಿಗೆ ಮುಗೀತು.

ಈಗ ನಿನ್ನ ಜಗಳ. ಕಂಬದ ಹಿಂದಿನ ಮೈ ನೋಡಿದ್ನಿ. ನಾಕು ವರ್ಷದ ಹಿಂದ ಬಂದಾಗ ಅಲ್ಲಿ ನೂಲು ಇಳಿಬಿಟ್ಟಿದ್ರಿ, ಕಾಣ್ಲಿಲ್ಲ. ನಲವತ್ತೊಂದು ಕಬ್ಬಿಣದ ಮೊಳಿ! ಮಗ್ಗದ ಹಾಸು ನೂಲು ಬಿಗಿಯೂ ಹಗ್ಗ ಕಟ್ಟಾಕ ನಮ್ಮಪ್ಪನ ಕಂಬಕ್ಕ ಮೊಳಿ ಬಡದೀರಿ. ಜಂಗು ಹಿಡದು ಉಬ್ಬಿ ಕಲ್ಲು ಸೀಳ್ಯಾವ. ಒಂದು ಕಂಬದಾಗ ನನ್ನ ಬೆರಳು ಹೋಗುವಷ್ಟು ಬಿರುಕು. "ಮಗ್ಗದಿಂದ ಏನೂ ಆಗಿಲ್ಲ ಅಂತ ಬರೀರಿ" ಅಂತ ನನಗ ಬರದಿದ್ದೆಲ್ಲ, ಈ ಮೊಳಿ ನಿನಗ ಗೊತ್ತಿರಲಿಲ್ಲೇನು? ನನ್ನ ಸುಳ್ಳು ಕಾಗದದ ಮ್ಯಾಲ ಐತಿ. ನಿಂದು ಕಲ್ಲಿನಾಗ ಐತಿ.

ದೇವಪ್ಪ


ಇಳಕಲ್ಲ
೨೬ ಆಗಸ್ಟ್ ೨೦೨೩

ದೇವಪ್ಪಣ್ಣಾ,

ಗೊತ್ತಿತ್ತು. ಮುಚ್ಚಿಟ್ಟಿದ್ನಿ. ಅವತ್ತ ನೀವು ಬಂದಾಗ ಬೇಕಂತ ಹಿಂದಿನ ಕಡೆ ನೂಲು ಇಳಿಬಿಟ್ಟಾಕಿ ನಾನ. ಕಂಬ ಸವರೂ ನಿಮ್ಮ ಕೈ ನೋಡಿ ನನಗ ಅಳುಕು ಆಗಿತ್ತು.

ಮೊದಲನೇ ಮೊಳಿ ಬಡದಾಕಿ ನಮ್ಮವ್ವ. ಏಳು ನಾನ ಬಡದೀನಿ. ಆದ್ರ ನೀವೂ ಒಂದು ಮಾತು ಕೇಳ್ರಿ. ಕಬ್ಬಿಣ ಕಲ್ಲು ಸೀಳ್ತೈತಿ ಅಂತ ಅರವತ್ತು ವರ್ಷದಾಗ ನಮಗ ಯಾರು ಬಂದು ಹೇಳಿದ್ರು? ದೊಡ್ಡ ಮಂದಿ ಬಂದ್ರು, ಕ್ಯಾಮರಾ ಹಿಡದು ನಮ್ಮನ್ನ ಪಕ್ಕಕ್ಕ ಸರೀರಿ ಅಂದ್ರು, ಕಂಬದ ಫೋಟೋ ತಗೊಂಡು ಹೋದ್ರು. ಹಗ್ಗ ಕಟ್ಟಾಕ ಎರಡು ಕಟಗಿ ತೊಲಿ ನಿಂದರಿಸಿ ಕೊಡ್ರಿ ಅಂತ ಟ್ರಸ್ಟಿನವರ ಮುಂದ ನಾ ಹನ್ನೊಂದು ಸಲ ಕೈ ಮುಗದೀನಿ. ಕಟಗಿ ನಿಂತ್ರ ವಾಡೇದ ಅಂದ ಕೆಡ್ತೈತಿ ಅಂದ್ರು. ನಾವು ಮಾಡಿದ್ದು ತಪ್ಪು. ಖರೆ. ಆದ್ರ ತಿಳೀದ ಬಡದ ಮೊಳಿನೂ ನೋಡದ ಮಾಡಿದ ಸಹಿನೂ ಒಂದ ತಕ್ಕಡ್ಯಾಗ ಇಟ್ಟು ತೂಗಬ್ಯಾಡ್ರಿ.

ಮೊಳಿ ಕೀಳೂನು ಅಂತ ಕಾಸಿಂಬಿ ಅಂದ್ಲು. ನಾ ಬ್ಯಾಡ ಅಂದ್ನಿ. ಕಿತ್ರ ಇನ್ನಷ್ಟು ಸೀಳೀತೇನೋ. ನಿಮ್ಮನ್ನ ಕೇಳಿ ಮುಟ್ಟೂದು ಅಂತ ಮಾಡೀವಿ.

ಸೆಪ್ಟೆಂಬರ ಹದಿನಾಕಕ್ಕ ಬಾಗಲಕೋಟಿ ಡಿಸಿ ಕಚೇರ್ಯಾಗ ನಮ್ಮ ಅರ್ಜಿ ವಿಚಾರಣಿ ಐತಿ. ನಮಗ ಬರದದ್ದನ್ನ ಅಲ್ಲಿ ಬಾಯಿಬಿಟ್ಟು ಹೇಳ್ರಿ. ನಮ್ಮ ಸಲುವಾಗಿ ಬ್ಯಾಡ. ಪಶ್ಚಿಮದ ಗೋಡಿ ಬುಡಕ್ಕ ಈ ಮಳಿಗಾಲದ ನೀರು ಇನ್ನೂ ಇಳಿಯಾಕ ಹತ್ತೈತಿ, ಅದರ ಸಲುವಾಗಿ ಬರ್ರಿ.

ಚಂದ್ರವ್ವ


ಬಾದಾಮಿ
೬ ಸೆಪ್ಟೆಂಬರ್ ೨೦೨೩

ಚಂದ್ರವ್ವ,

ಮೊಳಿ ಮುಟ್ಟಲಿಲ್ಲ, ಛಲೋ ಮಾಡಿದ್ರಿ. ಬಡದು ಕೀಳಬಾರದು. ಸುತ್ತ ಸಣ್ಣಗ ಕೊರದು ಒಂದೊಂದ ಹೊರಗ ತಗೀಬೇಕು.

ನಿನ್ನೆ ಮತ್ತ ಕಾರು ಬಂತು. ವಿಚಾರಣಿಗೆ ಹೋಗಬ್ಯಾಡ ಅಂತ ಪ್ರಭು ಬರದು ತೋರಿಸಿದ. ಆಮ್ಯಾಲ ಇನ್ನೊಂದು ಹಾಳಿ ತಗದ. ವಾಡೇದ ಮುಂದ ಹಾಕೂ ಕಲ್ಲಿನ ಫಲಕದ ನಕಲು. ಸಾಹುಕಾರನ ಹೆಸರಿನ ಕೆಳಗ ನಮ್ಮಪ್ಪನ ಹೆಸರು. "ಶಿಲ್ಪಿ" ಅಂತ.

ತೊಂಬತ್ತು ವರ್ಷದಾಗ ಆ ವಾಡೇದಾಗ ನಮ್ಮಪ್ಪನ ಹೆಸರು ಎಲ್ಲೂ ಇಲ್ಲ. ಆ ಹಾಳಿ ನನ್ನ ಮನ್ಯಾಗ ಐತಿ. ಇವತ್ತ ಹತ್ತು ಸಲ ತಗದು ನೋಡೀನಿ. ಹೆಸರು ಬೇಕು ಅನಿಸ್ತು. ಸುಳ್ಳ್ಯಾಕ ಹೇಳ್ಲಿ, ಭಾಳ ಬೇಕು ಅನಿಸ್ತು.

ನೀ ಇದಕ್ಕ ಏನೂ ಬರೀಬ್ಯಾಡ.

ದೇವಪ್ಪ


ಇಳಕಲ್ಲ
೧೭ ಸೆಪ್ಟೆಂಬರ್ ೨೦೨೩

ದೇವಪ್ಪಣ್ಣಾ,

ಬರೀಬ್ಯಾಡ ಅಂದಿದ್ರಿ, ಬರೀಲಿಲ್ಲ. ಹದಿನಾಕಕ್ಕ ಮುಂಜಾನಿ ಬಸ್ಸಿನಾಗ ಬಾಗಲಕೋಟಿಗೆ ಹೋಗುತನಾ ಕಾಸಿಂಬಿ, "ಬರ್ತಾನ ನೋಡು" ಅಂತಿದ್ಲು, ನಾ, "ಬರೂದಿಲ್ಲ" ಅಂತಿದ್ನಿ. ಕಚೇರಿ ಬಾಗಲದಾಗ ನಿಮ್ಮ ಬಿಳೇ ರುಮಾಲು ಕಂಡು ನನ್ನ ಮಾತು ನಾನ ನುಂಗಿದ್ನಿ.

ಅಲ್ಲಿ ಯಾರ್ ಏನಂದ್ರು ನಿಮಗ ಕೇಳ್ಸಲಿಲ್ಲ. ಬಸ್ಸಿನ ಗಡಿಬಿಡಿಯಾಗ ಹೇಳಾಕೂ ಆಗಲಿಲ್ಲ. ಅದಕ್ಕ ಬರೀತೇನಿ.

ಮೊದಲ ಅವರ ವಕೀಲ ಎದ್ದು ನಿಂತು, "ಈ ಮುದುಕಗ ಕಿವಿ ಇಲ್ಲ, ಬುದ್ಧಿನೂ ಸ್ಥಿರ ಇಲ್ಲ. ಅವತ್ತೊಂದು ಹೇಳ್ತಾನ, ಇವತ್ತೊಂದು" ಅಂದ. ನೀವು ಅವನ ಮುಖಾನ ನೋಡಾಕ ಹತ್ತಿದ್ರಿ, ಪಾಪ, ನಿಮ್ಮ ಬಗ್ಗೆ ಏನೋ ಛಲೋ ಹೇಳ್ತಾನ ಅನ್ನೂವಂಗ. ನನಗ ಎದ್ದು ಅವನ ಕೊರಳಪಟ್ಟಿ ಹಿಡೀಬೇಕು ಅನಿಸ್ತು. ಆಮ್ಯಾಲ ವಿಚಾರಣಿ ಮಾಡೂ ಮೇಡಮ್ಮಾರು ಹಾಳಿ ಮ್ಯಾಲ ಬರದು ನಿಮಗ ತೋರಿಸಿದ್ರಲ್ಲ, ಸಹಿ ನಿಮ್ಮದೇನು ಅಂತ. "ಸಹಿ ನಂದು. ಸುಳ್ಳೂ ನಂದು" ಅಂದ್ರಿ. ಕಿವಿ ಕೇಳದವರ ದನಿ ಜೋರು ಅಂತಾರ, ಹೊರಗ ಮೆಟ್ಟಲ ಮ್ಯಾಲ ಕುಂತ ಮಂದಿ ಸುದ್ದಾ ಒಳಗ ಹಣಿಕಿ ಹಾಕಿದ್ರು. ಮಾಳಗಿ ನೀರಿನ ದೋಣಿ, ಕಾಂಕ್ರೀಟ, ಎಣ್ಣಿ ಬಣ್ಣ ಎಲ್ಲಾ ಹೇಳಿದ್ರಿ. ನಮ್ಮ ಮೊಳಿ ಸುದ್ದಿನೂ ಬಿಡಲಿಲ್ಲ! ನಲವತ್ತೊಂದು ಅಂತ ಲೆಕ್ಕಾ ಸಹಿತ. ಆವಾಗ ಮೇಡಮ್ಮಾರು ನನ್ನ ಕಡೆ ನೋಡಿದ್ರು. ಹೌದ್ರಿ, ಅಂದ್ನಿ. ಅಲ್ಲಿಂದ ನಮ್ಮ ಮಾತು ನಂಬಾಕ ಸುರು ಮಾಡಿದ್ರು ಅಂತ ನನಗ ಅನಿಸ್ತು.

ಅವಾಗ ಪ್ರಭು ಸಿಟ್ಟಿಗೆ ಬಂದು ತಾನ ಬಾಯಿಬಿಟ್ಟ. "ಅವರ ಅಪ್ಪನ ಹೆಸರು ಫಲಕದ ಮ್ಯಾಲ ಹಾಕಸ್ತೀವಿ ಅಂದ್ವಿ, ಆದ್ರೂ ಈ ಮನಷಾ ಉಲ್ಟಾ ಹೊಡದ!" ಮೇಡಮ್ಮಾರು ಪೆನ್ನು ಕೆಳಗಿಟ್ಟು, "ಏನಂದ್ರಿ? ಯಾಕ ಹಾಕಸ್ತೀವಿ ಅಂದಿದ್ರಿ?" ಅಂದ್ರು. ವಕೀಲ ಅವನ ತೋಳು ಹಿಡದು ಜಗ್ಗಿ ಕುಂದರಿಸಿದ. ನಿಮಗ ಕೇಳ್ಸಲಿಲ್ಲಲ್ಲ, ಅದ ನನಗ ಭಾಳ ಕೆಟ್ಟ ಅನಿಸ್ತು.

ಕಾಸಿಂಬಿನೂ ಎರಡು ಮಾತು ಆಡಿದಳು. "ಗೊಂಬಿ ಕೂಲಿ ಕೇಳೂದಿಲ್ರಿ, ಎದುರು ಮಾತಾಡೂದಿಲ್ರಿ. ಅದಕ್ಕ ಇವರಿಗೆ ಅವು ಬೇಕು" ಅಂದ್ಲು.

ಹುಕುಂ ಹಿಂಗ ಆಗೇತಿ: ಐದು ಮಗ್ಗ ಇರಬೇಕು. ಗೋಡಿ ಕಡೆ ಕಾಂಕ್ರೀಟ ಒಡೀಬೇಕು. ನಿಮ್ಮ ಕೈಲೆ ಬಣ್ಣ ತಗಸಬೇಕು. ಮೊಳಿ ತಗದು ಕಟಗಿ ತೊಲಿ ಹಾಕಬೇಕು. ಮುಚ್ಚಿದ ನಾಕು ಕುಣಿ ಮಾತ್ರ ಹಂಗ. ಅವನ್ನ ತೋಡಿದ್ರ ನೆಲಾ ಮತ್ತ ಅಲಗಾಡ್ತೈತಂತ. ಆ ನಾಕು ಮಂದಿಯಾಗ ಇಬ್ಬರು ಪಾವರಲೂಮಿಗೆ ಕೂಲಿ ಹೋಗಾಕ ಹತ್ಯಾರ. ಅವರ ಮುಖಾ ನೋಡಿದ್ರ ಗೆದ್ವಿ ಅನ್ನಾಕ ಬಾಯಿ ಬರೂದಿಲ್ಲ.

ಚಂದ್ರವ್ವ


ಬಾದಾಮಿ
೨೮ ಜನೇವರಿ ೨೦೨೪

ತಂಗಿ ಚಂದ್ರವ್ವಗ,

ಹೇಳದ ಕೇಳದ ಊರಿಗೆ ಬಂದಿದ್ದಕ್ಕ ನೀವೆಲ್ಲಾ ಗಾಬರಿ ಆಗಿರಬೇಕು. ಆರಾಮ ಅದೀನಿ. ಅಲ್ಲಿ ನಿಂದ್ರಾಕ ಆಗಲಿಲ್ಲ, ಅಷ್ಟ.

ಒಂದೂವರಿ ತಿಂಗಳು ಒದ್ದಿ ಕಾಗದದ ಮುದ್ದಿ ಹಚ್ಚಿ, ಕಟಗಿ ಚಾಕುಲೆ ಉಜ್ಜಿ ಉಜ್ಜಿ ಬಣ್ಣ ತಗದದ್ದು ನೀ ನೋಡಿದ್ದೀ. ಏಳು ಕಂಬ ಬಚಾವ ಆದ್ವು. ಎಂಟನೇದು, ಪಶ್ಚಿಮದ ಮೂಲ್ಯಾಗಿಂದು, ನಿನ್ನ ಮಗ್ಗದ ಎದುರಿಂದು. ಅದರಾಗ ಮೊದಲ ತೇವ ಇತ್ತು, ಮ್ಯಾಲ ಬಣ್ಣ. ಬಣ್ಣದ ಜೋಡಿ ಕಲ್ಲಿನ ಮುಖಾನ ನನ್ನ ಅಂಗೈಗೆ ಬಂತು. ನಮ್ಮಪ್ಪ ಕೆತ್ತಿದ ಇಡೀ ಕಮಲ ಪುಡಿಪುಡಿ ಆಗಿ ಬಿತ್ತು. ಯಾರಿಗೂ ಹೇಳ್ಲಿಲ್ಲ. ಅಂಗಿ ಕಿಸೇದಾಗ ಪುಡಿ ತುಂಬ್ಕೊಂಡು ಬಸ್ಸು ಹತ್ತಿದ್ನಿ.

ಪ್ರಭು ನಿನ್ನೆ ಮಂದಿ ಕೈಯಾಗ ಚೀಟಿ ಕಳಸ್ಯಾನ. ಫೆಬ್ರವರಿ ಇಪ್ಪತ್ತಕ್ಕ ಉದ್ಘಾಟನೆ ಅಂತ. ಅಷ್ಟರಾಗ ಆ ಕಮಲ ಮತ್ತ ಕೆತ್ತಿ, ಹಳೇದು ಕಾಣೂವಂಗ ಮಾಡಿ ಕೊಡು ಅಂತ. ನನಗ ಕೆತ್ತಾಕ ಬರ್ತೈತಿ ಚಂದ್ರವ್ವ. ಕಣ್ಣು ಮುಚ್ಚಿ ಕೆತ್ತೇನು. ಯಾರಿಗೂ ಫರಕು ಗೊತ್ತಾಗೂದಿಲ್ಲ. ಅದ ತ್ರಾಸ. ಅಪ್ಪನ ಕೈ ಇದ್ದದ್ದು ಹೋತು. ಅಲ್ಲಿ ನನ್ನ ಕೈ ಇಟ್ಟು ಇದು ಅಪ್ಪಂದು ಅಂತ ಹೇಳಿದ್ರ, ಇವರು ಮಾಡಿದ ಹಾಳು ನಾನ ಮುಚ್ಚಿದಂಗ. ಒಂದು ಸುಳ್ಳಿಗೆ ಸಹಿ ಮಾಡೀನಿ. ಎರಡನೇದ್ದಕ್ಕ ಮಾಡೂದಿಲ್ಲ ಅಂತ ಬರದು ಕಳಸೀನಿ.

ಅಂವ ಬ್ಯಾರೆ ಯಾರನ್ನರ ಕರಸ್ತಾನ. ನನಗ ಮತ್ತ ಮತ್ತ ಬರಾಕ ಶಕ್ತಿ ಇಲ್ಲ. ಮುಖಾ ಹೋದ ಕಂಬ ಹಂಗ ನಿಂದರಲಿ. ಬೇಕಾದ್ರ ಪ್ರಭು ನನ್ನ ಬೈಲಿ. ಅದಕ್ಕ ಯಾರೂ ಉಳಿ ಹಚ್ಚಬಾರದು. ನಿನಗ ಕೈ ಮುಗದು ಕೇಳ್ತೇನಿ.

ದೇವಪ್ಪ


ಇಳಕಲ್ಲ
೨೩ ಫೆಬ್ರವರಿ ೨೦೨೪

ದೇವಪ್ಪಣ್ಣಾ,

ನೀವು ಹೇಳಿದಂಗ ಆತು. ಹದಿನಾರಕ್ಕ ಇಬ್ಬರು ಕೆತ್ತಾವರು ಬಂದ್ರು, ಕೈಯಾಗ ಮಷೀನು. ನಾ ಮಗ್ಗದಿಂದ ಎದ್ದು ಹೋಗಿ ಆ ಕಂಬಕ್ಕ ಬೆನ್ನು ಹಚ್ಚಿ ಕುಂತ್ನಿ. ನನ್ನ ಬಾಜೂಕ ಕಾಸಿಂಬಿ. ಉಳದ ನಾಕು ಮಂದಿನೂ ಲಾಳಿ ಬಿಟ್ಟು ಬಂದ್ರು. ಪಾವರಲೂಮಿಗೆ ಹೋಗೂ ಇಬ್ಬರಿಗೆ ಯಾರು ಸುದ್ದಿ ಮುಟ್ಟಿಸಿದ್ರೋ, ಅವರೂ ಪಾಳಿ ಬಿಟ್ಟು ಓಡಿ ಬಂದ್ರು.

ಪ್ರಭು ಬಂದ. "ಏಳ್ರಿ ಚಂದ್ರಕ್ಕ. ನಿಮ್ಮ ಮಗ್ಗಕ್ಕ ನಾ ಕೈ ಹಚ್ಚಿಲ್ಲಲ್ಲ. ಇದಕ್ಕೂ ನಿಮಗೂ ಏನ್ ಸಂಬಂಧ?"

"ನಾವು ಉಳದದ್ದು ಇದರ ಆಸರದಾಗ" ಅಂದ್ನಿ.

"ಹೊಲಸು ಕಾಣ್ತೈತಿ. ಬಂದವರು ಏನಾತು ಇದಕ್ಕ ಅಂತ ಕೇಳ್ತಾರ."

"ಕೇಳ್ಲಿ. ಹೇಳಾಕ ನಾವಿದ್ದೇವಿ."

ಅಷ್ಟರಾಗ ಕೆತ್ತಾವರಾಗ ಹಿರ್ಯಾ ಒಬ್ಬಾಂವ ನನ್ನ ತಲಿ ಮ್ಯಾಲಿಂದ ಕೈ ಚಾಚಿ ಕಲ್ಲು ಮುಟ್ಟಿ ನೋಡಿದ. ಶಿರೂರಾಂವ ಅಂತ. ಪ್ರಭುಗ ಅಂದ: "ಇದಕ್ಕ ಮಷೀನ್ ಹಚ್ಚಿದ್ರ ಕಂಬನ ಕೈಗೆ ಬರ್ತೈತ್ರಿ. ನಾ ಒಲ್ಲೆ." ಗಂಟು ಕಟ್ಕೊಂಡು ಹೊಂಟು ಹೋದ್ರು. ಅವರು ಓಣಿ ದಾಟುತನಾ ನಾವು ಏಳಲಿಲ್ಲ.

ಫಲಕ ಹಾಕ್ಯಾರ. ನಿಮ್ಮ ಅಪ್ಪಾರ ಹೆಸರು ಇಲ್ಲ, ಗಂಗವ್ವನ ಹೆಸರೂ ಇಲ್ಲ. ಗೊಂಬಿ ಅಟ್ಟದ ಮ್ಯಾಲಿನ ಖೋಲ್ಯಾಗ ಕುಂದರಿಸ್ಯಾರ. ಸುನಿತಾ ಮತ್ತೊಂದು ಅರ್ಜಿ ಬರಿಯಾಕ ಕುಂತಾಳ, ಫಲಕದ ಬಗ್ಗೆ.

ಇಪ್ಪತ್ತಕ್ಕ ಉದ್ಘಾಟನೆ ಆತು. ದೊಡ್ಡ ಮಂದಿ ಬಂದಿದ್ರು, ಹಾರ, ಭಾಷಣ. ಎಲ್ಲಾರೂ ಚಂದಾಗಿದ್ದ ಕಂಬ ನೋಡಿಕೋತ ಬಂದು ಆ ಮೂಲ್ಯಾಗ ನಿಂತ್ರು. ಪ್ರಭು ಜಲ್ದಿ ಜಲ್ದಿ ಅವರನ್ನ ಮ್ಯಾಲ ಕರಕೊಂಡು ಹೋಗಾಕ ನೋಡಿದ. ಮೈಸೂರು ಕಡೆಯಿಂದ ಬಂದ ಒಬ್ಬ ಹೆಣಮಗಳು ಅವನ ಹಿಂದ ಹೋಗಲಿಲ್ಲ. ನನ್ನ ಮಗ್ಗದ ಮುಂದ ಕುಕ್ಕರಗಾಲಿನ ಮ್ಯಾಲ ಕುಂತು, "ಅಮ್ಮಾ, ಈ ಕಂಬಕ್ಕೆ ಏನಾಯಿತು?" ಅಂತ ಕೇಳಿದಳು.

ನಾ ಲಾಳಿ ನಿಂದರಿಸಿದ್ನಿ. ಕಂಬ ಕೆತ್ತಿದವರು ಯಾರು ಅನ್ನೂದರಿಂದ ಸುರು ಮಾಡಿದ್ನಿ. ನಮ್ಮ ಮೊಳಿ ಬಿಡಲಿಲ್ಲ, ನಿಮ್ಮ ಸಹಿ ಬಿಡಲಿಲ್ಲ, ಸಿಟ್ಟಾಗಬ್ಯಾಡ್ರಿ. ಮುಂದಿಂದು ಹೇಳುವಾಗ ಪ್ರಭುನ ಹಿಂದ ಮೆಟ್ಟಲ ಹತ್ತಿದವರೂ ಒಬ್ಬೊಬ್ಬರ ಇಳಿದು ಬಂದು ನಿಂತ್ರು. ನನ್ನ ದನಿ ಭಾಳ ಏರಿತ್ತಂತ. ಸಾವಕಾಶ ಅಂತ ಕಾಸಿಂಬಿ ಸೆರಗು ಹಿಡದು ಜಗ್ಗಿದಳು.

ನಾ ಇಳಿಸಲಿಲ್ಲ.

ಚಂದ್ರವ್ವ